ತೂತಿನ ಬೆಳಕು ಹಿಡಿದ ಮನುಷ್ಯ: ಮ್ಯಾಕ್ಸ್ ಪ್ಲಾಂಕ್

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಲೇಬೇಕು ಅಂತ ಗೆಳೆಯರು ಬೆನ್ನು ಬಿದ್ದಿದ್ದರು. ಕವನ ನನಗೆ ಬರಲ್ಲ. ಪ್ರವಾಸ ಕಥನ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ನನ್ನ ಲ್ಯಾಬಿನ ಮೇಜಿನ ಮೇಲಿರುವ ಒಂದು ವಸ್ತುವಿನಿಂದ ಶುರು ಮಾಡ್ತೀನಿ.

ಅದೊಂದು ಟಿಫನ್ ಕ್ಯಾರಿಯರ್ ಗಾತ್ರದ ಉರುಳೆ. ಒಳಗೆ ಪೊಳ್ಳು, ಮುಂದೆ ಬೆರಳು ತೂರುವಷ್ಟು ಒಂದು ತೂತು. ಕರೆಂಟ್ ಕೊಟ್ಟು ಕಾಯಿಸಿದರೆ ಗೋಡೆಯೆಲ್ಲ ಒಂದೇ ಸಮ ಬಿಸಿಯಾಗುತ್ತೆ. ಬೆಳಕು ನೋಡಿ ಉಷ್ಣತೆ ಹೇಳುವ ಪೈರೋಮೀಟರನ್ನು ಆ ತೂತಿನ ಕಡೆ ತಿರುಗಿಸಿ ಸರಿಹೊಂದಿಸುವುದು ನನ್ನ ಮಾಸ್ಟರ್ಸ್ ಥೀಸಿಸ್‌ನ ಬೋರಾದ ಭಾಗ. ಆದರೆ ಮೊದಲ ದಿನ ನನಗೆ ಒಂದು ವಿಷಯ ವಿಚಿತ್ರ ಅನ್ನಿಸಿತು. ಉರುಳೆ ಕೆಂಪಗೆ ಕಾದಾಗ ಅದರ ಹೊರಮುಖಕ್ಕಿಂತ ತೂತೇ ಜಾಸ್ತಿ ಹೊಳೆಯುತ್ತೆ. ಅದೇ ವಸ್ತು, ಅದೇ ಬಿಸಿ, ಆದರೂ ಏನೂ ಇಲ್ಲದ ಜಾಗ ಹೆಚ್ಚು ಬೆಳಗುತ್ತೆ. ಅದೇ ಉರುಳೆ ತಣ್ಣಗಿರುವಾಗ ಅದರಲ್ಲಿ ಎಲ್ಲಕ್ಕಿಂತ ಕಪ್ಪಗೆ ಕಾಣುವುದೂ ಆ ತೂತೇ.

ಕಾರಣ ಕಷ್ಟದ್ದಲ್ಲ. ಹೊರಗಿನ ಬೆಳಕು ತೂತಿನೊಳಗೆ ಹೋದರೆ ಗೋಡೆಯಿಂದ ಗೋಡೆಗೆ ಬಡಿದು ಬಡಿದು ಅಲ್ಲೇ ಕರಗಿಹೋಗುತ್ತೆ, ಹೊರಗೆ ಬರುವುದು ಅಪರೂಪ. ಹುತ್ತದ ಬಾಯಿ ಕಪ್ಪಗೆ ಕಾಣುವುದು ಅದಕ್ಕೇ. ಬಂದ ಬೆಳಕನ್ನೆಲ್ಲ ನುಂಗುವಂಥದ್ದು ಕಾದಾಗ ಎಲ್ಲರಿಗಿಂತ ಹೆಚ್ಚು ಬೆಳಕು ಚೆಲ್ಲುತ್ತೆ. ಇಟ್ಟಿಗೆ ಗೂಡು ಚೆನ್ನಾಗಿ ಕಾದ ಮೇಲೆ ಸಂದಿಯಿಂದ ಇಣುಕಿ ನೋಡಿದವರಿಗೆ ಗೊತ್ತಿರುತ್ತೆ, ಒಳಗಿನ ಇಟ್ಟಿಗೆ ಯಾವುದು, ಗೋಡೆ ಯಾವುದು ಅಂತ ಬೇರೆ ಮಾಡಿ ನೋಡೋಕೆ ಆಗಲ್ಲ. ಎಲ್ಲ ಒಂದೇ ಬೆಳಕು.

ಈ ಒಂದೇ ಬೆಳಕಿನ ಲೆಕ್ಕ ಬಿಡಿಸಿದವರು ಮ್ಯಾಕ್ಸ್ ಪ್ಲಾಂಕ್. ನಮ್ಮಲ್ಲಿ ಎಂಜಿನಿಯರಿಂಗ್ ಮಾಡಿದವರಿಗೆಲ್ಲ ಈ ಹೆಸರು ಫಸ್ಟ್ ಇಯರ್ ಫಿಸಿಕ್ಸ್ ಪೇಪರಿನಲ್ಲಿ ಬಂದು ಹೋಗಿರುತ್ತೆ. ಪ್ಲಾಂಕ್ ನಿಯಮ ಬರೆಯಿರಿ, ಅದರಿಂದ ವೀನ್ ನಿಯಮವನ್ನೂ ರ್‍ಯಾಲೆ-ಜೀನ್ಸ್ ನಿಯಮವನ್ನೂ ಪಡೆಯಿರಿ. ನಾನೂ ಬಾಯಿಪಾಠ ಮಾಡಿ ಬರೆದು ಮರೆತಿದ್ದೆ. ಬರ್ಲಿನ್‌ಗೆ ಬಂದ ಮೇಲೆ ಗೊತ್ತಾಯಿತು, ಆ ಸೂತ್ರ ಹುಟ್ಟಿದ್ದು ನಾನು ದಿನಾ ಮೆನ್ಸಾಗೆ ಊಟಕ್ಕೆ ನಡೆದುಹೋಗುವ ಶಾರ್ಲೊಟ್ಟನ್‌ಬುರ್ಗ್‌ನ ಇದೇ ರಸ್ತೆಗಳ ಆಚೆ ಈಚೆ ಅಂತ. ಆಮೇಲೆ ಅವರ ಬದುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಬಾರದಿತ್ತೇನೋ ಅನ್ನಿಸುವಷ್ಟು ನೋವಿನ ಬದುಕು ಅದು.

ಪ್ಲಾಂಕ್ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಉತ್ತರದ ಬಂದರು ಊರು ಕೀಲ್‌ನಲ್ಲಿ. ಅಪ್ಪ ಕಾನೂನಿನ ಪ್ರೊಫೆಸರ್. ಅಜ್ಜ, ಮುತ್ತಜ್ಜ ಇಬ್ಬರೂ ಗಾಟಿಂಗನ್‌ನಲ್ಲಿ ಧರ್ಮಶಾಸ್ತ್ರದ ಪ್ರೊಫೆಸರ್‌ಗಳು. ನಿಯಮ, ಶಿಸ್ತು, ಸರ್ಕಾರಕ್ಕೆ ನಿಷ್ಠೆ, ಇವು ಆ ಮನೆಯಲ್ಲಿ ಗಾಳಿಯ ಹಾಗೆ ಇದ್ದವು. ಒಂಬತ್ತನೇ ವಯಸ್ಸಿಗೆ ಕುಟುಂಬ ಮ್ಯೂನಿಕ್‌ಗೆ ಬಂತು. ಅಲ್ಲಿನ ಶಾಲೆಯಲ್ಲಿ ಹರ್ಮನ್ ಮ್ಯೂಲರ್ ಅನ್ನುವ ಮೇಷ್ಟರು ಒಂದು ಕಥೆ ಹೇಳಿದರಂತೆ. ಗಾರೆ ಕೆಲಸದವನೊಬ್ಬ ಭಾರದ ಕಲ್ಲನ್ನು ಕಷ್ಟಪಟ್ಟು ಮನೆಯ ಮಾಡಿಗೆ ಏರಿಸುತ್ತಾನೆ. ಅವನು ಪಟ್ಟ ಶ್ರಮ ಎಲ್ಲೂ ಹೋಗಲ್ಲ, ಕಲ್ಲಿನಲ್ಲೇ ಕೂತಿರುತ್ತೆ, ವರ್ಷಗಳಾದ ಮೇಲೆ ಕಲ್ಲು ಕೆಳಗೆ ಯಾರದೋ ತಲೆ ಮೇಲೆ ಬೀಳುವವರೆಗೂ. ಶಕ್ತಿ ಹುಟ್ಟಲ್ಲ, ಸಾಯಲ್ಲ ಅನ್ನುವ ಪಾಠ. ಮನುಷ್ಯರು ಇರಲಿ ಬಿಡಲಿ, ಎಲ್ಲ ಕಾಲಕ್ಕೂ ನಿಲ್ಲುವ ನಿಯಮವೊಂದು ಇರಬಹುದು ಅನ್ನುವುದು ಆ ಹುಡುಗನಿಗೆ ದೇವರ ಮಾತಿನಂತೆ ಕೇಳಿಸಿತು. ಮುಂದೆ ಎಂಬತ್ತು ದಾಟಿದ ಮೇಲೂ ಅವರು ಈ ಕಥೆ ನೆನೆಸಿಕೊಳ್ಳುತ್ತಿದ್ದರು.

ಹದಿನಾರಕ್ಕೆ ಶಾಲೆ ಮುಗಿಯಿತು. ಪಿಯಾನೋ, ಆರ್ಗನ್ ಎರಡನ್ನೂ ಚೆನ್ನಾಗಿ ನುಡಿಸುತ್ತಿದ್ದರು, ಸಂಗೀತವನ್ನೇ ವೃತ್ತಿಯಾಗಿ ಹಿಡಿಯುವ ಯೋಚನೆಯೂ ಇತ್ತು. ಕೊನೆಗೆ ಭೌತವಿಜ್ಞಾನ ಅಂತ ತೀರ್ಮಾನಿಸಿ ಮ್ಯೂನಿಕ್‌ನ ಪ್ರೊಫೆಸರ್ ಫಿಲಿಪ್ ಫಾನ್ ಯೋಲಿ ಅವರ ಸಲಹೆ ಕೇಳಿದರು. ಯೋಲಿ ಬೇಡ ಅಂದುಬಿಟ್ಟರು. ಈ ವಿಷಯದಲ್ಲಿ ಕಂಡುಹಿಡಿಯಬೇಕಾದ್ದೆಲ್ಲ ಆಗಿಹೋಗಿದೆ, ಅಲ್ಲೊಂದು ಇಲ್ಲೊಂದು ಮೂಲೆಯ ಧೂಳು ಹೊಡೆಯುವುದು ಬಿಟ್ಟರೆ ಕೆಲಸ ಉಳಿದಿಲ್ಲ ಅನ್ನುವ ಅರ್ಥದಲ್ಲಿ.

ಇದನ್ನು ಓದುವಾಗ ನನಗೆ ನಗು ಬಂತು. ಪಿಯುಸಿ ಆದ ಮೇಲೆ ಬಿಎಸ್ಸಿ ಫಿಸಿಕ್ಸ್ ಮಾಡ್ತೀನಿ ಅಂದಾಗ ನಮ್ಮ ಮನೆಯಲ್ಲೂ ಒಬ್ಬ ಯೋಲಿ ಇದ್ದರು. ನಮ್ಮ ಚಿಕ್ಕಪ್ಪ. ಅದಕ್ಕೆಲ್ಲ ಸ್ಕೋಪ್ ಇಲ್ಲ ಕಣೋ ಅಂದರು, ನಾನು ಮೆಕ್ಯಾನಿಕಲ್ ಸೇರಿದೆ. ಪ್ಲಾಂಕ್ ಮಾತ್ರ ಹೊಸದೇನೂ ಕಂಡುಹಿಡಿಯಬೇಕಿಲ್ಲ, ಇರುವುದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಸಾಕು ಅಂತ ಭೌತವಿಜ್ಞಾನಕ್ಕೇ ಹೋದರು. ಇದು ವಿನಯವೋ ಹಟವೋ ಹೇಳೋದು ಕಷ್ಟ.

1877ರಲ್ಲಿ ಒಂದು ವರ್ಷ ಬರ್ಲಿನ್‌ಗೆ ಬಂದು ಹೆಲ್ಮ್‌ಹೋಲ್ಟ್ಸ್, ಕಿರ್ಖಾಫ್ ಇಬ್ಬರ ಪಾಠ ಕೇಳಿದರು. (ನಮ್ಮ ಸರ್ಕ್ಯೂಟ್ ಪಾಠದ ಕಿರ್ಚಾಫ್ ಇವರೇ. ಆ ಹೆಸರನ್ನು ನಾನು ನಾಲ್ಕು ವರ್ಷ ತಪ್ಪಾಗಿ ಹೇಳಿದ್ದೆ.) ಜಗತ್ತಿಗೇ ದೊಡ್ಡ ಹೆಸರುಗಳು, ಆದರೆ ಪಾಠ ಇಬ್ಬರದ್ದೂ ಸಪ್ಪೆ. ಹೆಲ್ಮ್‌ಹೋಲ್ಟ್ಸ್ ತಯಾರಿ ಇಲ್ಲದೆ ಬಂದು ಬೋರ್ಡ್ ಮೇಲೆ ಲೆಕ್ಕ ತಪ್ಪುತ್ತಿದ್ದರು, ಕ್ಲಾಸು ಖಾಲಿಯಾಗುತ್ತಾ ಕೊನೆಗೆ ಮೂರೇ ಜನ ಉಳಿದರು, ಅದರಲ್ಲಿ ಪ್ಲಾಂಕ್ ಒಬ್ಬರು. ಕಿರ್ಖಾಫ್ ಅವರದ್ದು ಉರು ಹೊಡೆದು ಒಪ್ಪಿಸಿದಂಥ ಪಾಠ. ಪ್ಲಾಂಕ್ ತಾವೇ ಕ್ಲಾಸಿಯಸ್ ಅವರ ಪುಸ್ತಕ ಹಿಡಿದು ಥರ್ಮೋಡೈನಾಮಿಕ್ಸ್ ಕಲಿತರು. ಶಾಖ ತಾನಾಗಿಯೇ ತಣ್ಣಗಿರುವ ಕಡೆಯಿಂದ ಬಿಸಿಯ ಕಡೆಗೆ ಹರಿಯಲ್ಲ ಅನ್ನುವ ಎರಡನೇ ನಿಯಮವೇ ಅವರ ಡಾಕ್ಟರೇಟ್‌ನ ವಿಷಯವಾಯಿತು. 1879ರಲ್ಲಿ, 21ನೇ ವಯಸ್ಸಿಗೆ ಪದವಿ ಸಿಕ್ಕಿತು. ಆ ಪ್ರಬಂಧವನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಹೆಲ್ಮ್‌ಹೋಲ್ಟ್ಸ್ ಬಹುಶಃ ಓದಲೇ ಇಲ್ಲ, ಕಿರ್ಖಾಫ್ ಓದಿ ಒಪ್ಪಲಿಲ್ಲ. ಕ್ಲಾಸಿಯಸ್‌ರನ್ನು ಹುಡುಕಿಕೊಂಡು ಬಾನ್‌ಗೆ ಹೋದರೆ ಅವರು ಮನೆಯಲ್ಲಿರಲಿಲ್ಲ. ಥೀಸಿಸ್ ಗೈಡ್‌ಗೆ ಮೇಲ್ ಕಳಿಸಿ ವಾರಗಟ್ಟಲೆ ಕಾಯುವವರು ಇಲ್ಲಿ ಧೈರ್ಯ ತಗೋಬಹುದು. ಆಮೇಲೆ ಐದು ವರ್ಷ ಮ್ಯೂನಿಕ್‌ನಲ್ಲಿ ಸಂಬಳವಿಲ್ಲದ ಅಧ್ಯಾಪಕರಾಗಿ, ಅಪ್ಪ ಅಮ್ಮನ ಮನೆಯಲ್ಲೇ ಇದ್ದರು.

1885ರಲ್ಲಿ ಕೀಲ್‌ನಲ್ಲಿ ಕೆಲಸ ಸಿಕ್ಕಿತು, 1887ರಲ್ಲಿ ಮರೀ ಮೆರ್ಕ್ ಜೊತೆ ಮದುವೆ. ಅದೇ ವರ್ಷ ಕಿರ್ಖಾಫ್ ತೀರಿಕೊಂಡರು. ಅವರ ಜಾಗಕ್ಕೆ ಬರ್ಲಿನ್ ವಿಶ್ವವಿದ್ಯಾಲಯ ಮೊದಲು ನೋಡಿದ್ದು ಬೋಲ್ಟ್ಸ್‌ಮನ್ ಮತ್ತು ಹರ್ಟ್ಸ್ ಕಡೆ. ಇಬ್ಬರೂ ಬರಲಿಲ್ಲ. 1889ರಲ್ಲಿ ಪ್ಲಾಂಕ್ ಬಂದರು, ಕುರ್ಚಿಯ ಜೊತೆಗೆ ಕಿರ್ಖಾಫ್ ಬಿಟ್ಟುಹೋದ ಒಂದು ಒಗಟೂ ಸಿಕ್ಕಿತು.

1859-60ರಲ್ಲಿ ಕಿರ್ಖಾಫ್ ಒಂದು ಅದ್ಭುತ ವಿಷಯ ಸಾಧಿಸಿ ತೋರಿಸಿದ್ದರು. ಒಂದು ಪೊಳ್ಳು ಪೆಟ್ಟಿಗೆಯ ಗೋಡೆಗಳು ಒಂದೇ ಉಷ್ಣತೆಯಲ್ಲಿದ್ದರೆ, ಒಳಗೆ ತುಂಬುವ ಬೆಳಕಿನಲ್ಲಿ ಯಾವ ಬಣ್ಣ ಎಷ್ಟಿರುತ್ತೆ ಅನ್ನುವುದು ಉಷ್ಣತೆಯೊಂದನ್ನೇ ನಂಬಿಕೊಂಡಿರುತ್ತೆ. ಗೋಡೆ ಪ್ಲಾಟಿನಮ್ಮಿನದೋ ಪಿಂಗಾಣಿಯದೋ ಮಸಿ ಬಳಿದದ್ದೋ ಅನ್ನುವುದು ಮುಖ್ಯ ಅಲ್ಲ. ಪೆಟ್ಟಿಗೆ ಚೌಕವೋ ದುಂಡೋ ಅದೂ ಬೇಡ. ಹಾಗಾದರೆ ಉಷ್ಣತೆಗೂ ಬಣ್ಣಕ್ಕೂ ನಡುವಿನ ಆ ಸೂತ್ರ ಯಾವುದು? ನಲವತ್ತು ವರ್ಷ ಯಾರಿಗೂ ಸಿಗಲಿಲ್ಲ. ಮನುಷ್ಯರನ್ನೂ ವಸ್ತುಗಳನ್ನೂ ಮೀರಿದ ನಿಯಮ ಬೇಕು ಅಂತ ಚಿಕ್ಕಂದಿನಿಂದ ಹಂಬಲಿಸಿದ್ದವರಿಗೆ ಇದಕ್ಕಿಂತ ಒಳ್ಳೆಯ ಬೇಟೆ ಎಲ್ಲಿ ಸಿಗುತ್ತೆ?

ಇಲ್ಲಿ ಸ್ವಲ್ಪ ಎಂಜಿನಿಯರ್‌ಗಳ ಕಥೆ ಹೇಳಬೇಕು, ಪಠ್ಯಪುಸ್ತಕಗಳು ಇವರನ್ನು ಹಾರಿಸಿಬಿಡುತ್ತವೆ. ಬರ್ಲಿನ್ ಆಗ ಬೀದಿ ದೀಪಕ್ಕೆ ಗ್ಯಾಸೋ ಕರೆಂಟೋ ಅಂತ ಲೆಕ್ಕ ಹಾಕುತ್ತಿದ್ದ ಊರು. ಯಾವ ದೀಪ ಎಷ್ಟು ಬೆಳಕು ಕೊಡುತ್ತೆ ಅಂತ ಅಳೆಯಬೇಕಾದರೆ ನಂಬಬಹುದಾದ ಒಂದು ಮಾನದಂಡ ಬೇಕು. ಇಂಥ ಕೆಲಸಗಳಿಗೆ ಅಂತಲೇ 1887ರಲ್ಲಿ ಶಾರ್ಲೊಟ್ಟನ್‌ಬುರ್ಗ್‌ನಲ್ಲಿ ಸರ್ಕಾರ ಒಂದು ಸಂಸ್ಥೆ ಕಟ್ಟಿತು, ಜಾಗ ಕೊಟ್ಟಿದ್ದು ವೆರ್ನರ್ ಸೀಮೆನ್ಸ್. ಇಂದಿನ ಪಿಟಿಬಿಯ ಹಳೆಯ ರೂಪ ಅದು. ಅಲ್ಲಿ 1895ರಲ್ಲಿ ಲುಮ್ಮರ್ ಮತ್ತು ವೀನ್ ಒಂದು ಸುಲಭದ ಉಪಾಯ ಹೇಳಿದರು. ಪೂರ್ತಿ ಕಪ್ಪಾದ ವಸ್ತು ಹುಡುಕುತ್ತಾ ಕೂರೋದು ಯಾಕೆ, ಪೊಳ್ಳು ಪೆಟ್ಟಿಗೆಗೆ ಸಣ್ಣ ತೂತು ಕೊರೆದರೆ ಆ ತೂತೇ ಕಪ್ಪು ವಸ್ತು. ಮುಂದೆ ಲುಮ್ಮರ್ ಮತ್ತು ಕುರ್ಲ್‌ಬೌಮ್ ಪ್ಲಾಟಿನಮ್ ಹಾಳೆ ಸುತ್ತಿ ಕರೆಂಟಿನಿಂದ ಕಾಯಿಸುವ ಉರುಳೆ ಮಾಡಿದರು, ಗೋಡೆಯ ಎಲ್ಲ ಕಡೆ ಒಂದೇ ಬಿಸಿ ಇರುವ ಹಾಗೆ. ನನ್ನ ಮೇಜಿನ ಮೇಲಿರುವುದು ಅದರ ಮರಿಮಗು. ಗೋಡೆಯ ಬಿಸಿ ಒಂದೇ ಸಮ ಇಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕಂಪ್ಯೂಟರ್ ಕಂಟ್ರೋಲರ್ ಇದ್ದೂ ನನ್ನ ಉರುಳೆಯ ಬಾಯಿಯ ಹತ್ತಿರ ಉಷ್ಣತೆ ಇಳಿಯುತ್ತೆ. ಇವರು ಅದನ್ನು 1900ಕ್ಕೆ ಮೊದಲೇ ಸಾಧಿಸಿದ್ದರು.

ವೀನ್ 1896ರಲ್ಲಿ ಒಂದು ಸೂತ್ರ ಕೊಟ್ಟರು, ಅಳತೆಗಳಿಗೆ ಸರಿಯಾಗೇ ಹೊಂದುತ್ತಿತ್ತು. ಪ್ಲಾಂಕ್ ಅದಕ್ಕೆ ಬುನಾದಿ ಹಾಕಲು ಹೊರಟರು. ಕಿರ್ಖಾಫ್ ಪ್ರಕಾರ ಗೋಡೆ ಯಾವುದಾದರೂ ಆಗಬಹುದಲ್ಲ, ಹಾಗಾದರೆ ಲೆಕ್ಕಕ್ಕೆ ಎಲ್ಲಕ್ಕಿಂತ ಸುಲಭದ ಗೋಡೆ ಇಟ್ಟುಕೊಳ್ಳೋಣ ಅಂದುಕೊಂಡರು. ಸ್ಪ್ರಿಂಗಿಗೆ ಕಟ್ಟಿದ ಗುಂಡಿನ ಹಾಗೆ ತೂಗಾಡುವ ಸಣ್ಣ ಸಣ್ಣ ವಿದ್ಯುತ್ ಕಂಪಕಗಳು. ಒಂದೊಂದಕ್ಕೆ ಒಂದೊಂದು ಆವರ್ತಾಂಕ. ಅವು ಬೆಳಕನ್ನು ಹೀರುತ್ತವೆ, ಉಗುಳುತ್ತವೆ. ನಿಜವಾದ ಪಿಂಗಾಣಿಯಲ್ಲೋ ಪ್ಲಾಟಿನಮ್ಮಿನಲ್ಲೋ ಇಂಥವು ಹೀಗೇ ಇವೆ ಅಂತ ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. 1899ರ ಹೊತ್ತಿಗೆ ಅವರಿಗೆ ವೀನ್ ಸೂತ್ರವನ್ನು ಸಾಧಿಸಿಬಿಟ್ಟೆ ಅನ್ನಿಸಿತ್ತು.

1900ರ ಅಕ್ಟೋಬರ್ 7, ಭಾನುವಾರ. ಸಂಸ್ಥೆಯಲ್ಲಿ ಅಳತೆ ಮಾಡುತ್ತಿದ್ದ ಹೈನ್ರಿಚ್ ರೂಬೆನ್ಸ್ ಹೆಂಡತಿಯ ಜೊತೆ ಪ್ಲಾಂಕ್ ಮನೆಗೆ ಬಂದರು. ಅವರೂ ಕುರ್ಲ್‌ಬೌಮ್ ಅವರೂ ಕಲ್ಲುಪ್ಪಿನಂಥ ಹರಳುಗಳಿಂದ ಕಿರಣವನ್ನು ಮತ್ತೆ ಮತ್ತೆ ಪ್ರತಿಫಲಿಸಿ ಕಣ್ಣಿಗೆ ಕಾಣದ ಬಹಳ ಉದ್ದದ ಅಲೆಗಳನ್ನು, 51 ಮೈಕ್ರಾನ್‌ವರೆಗೆ, ಸೋಸಿ ಅಳೆದಿದ್ದರು. ಅಲ್ಲಿ ವೀನ್ ಸೂತ್ರ ಪೂರ್ತಿ ಕೈಕೊಟ್ಟಿತ್ತು. ಉದ್ದ ಅಲೆಯ ಕಡೆ ಬೆಳಕಿನ ಪ್ರಮಾಣ ನೇರವಾಗಿ ಉಷ್ಣತೆಯ ಜೊತೆ ಏರುತ್ತಿತ್ತು. ಅತಿಥಿಗಳು ಹೋದ ಮೇಲೆ ಪ್ಲಾಂಕ್ ಕೂತು, ಈ ಕಡೆ ವೀನ್ ಆ ಕಡೆ ರೂಬೆನ್ಸ್, ಎರಡೂ ಕಡೆ ಹೊಂದುವ ಒಂದು ಸೂತ್ರ ಬರೆದರು, ಪೋಸ್ಟ್ ಕಾರ್ಡಿನಲ್ಲಿ ರೂಬೆನ್ಸ್‌ಗೆ ಕಳಿಸಿದರು. ಅಕ್ಟೋಬರ್ 19ರಂದು ಭೌತವಿಜ್ಞಾನ ಸಂಘದ ಸಭೆಯಲ್ಲಿ ಅದನ್ನು ಮುಂದಿಟ್ಟರು. ರೂಬೆನ್ಸ್ ಆ ರಾತ್ರಿಯೇ ತಮ್ಮ ಅಳತೆಗಳ ಜೊತೆ ತಾಳೆ ನೋಡಿ ಬೆಳಗ್ಗೆ ಬಂದು ಎಲ್ಲ ಕಡೆ ಹೊಂದುತ್ತಿದೆ ಅಂದರು.

ನಾವಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದೆವು. ಕರ್ವ್ ಫಿಟ್ ಆಯ್ತು, ಪೇಪರ್ ಬರೆದಾಯ್ತು. ಪ್ಲಾಂಕ್‌ಗೆ ಅದು ಅದೃಷ್ಟದ ಊಹೆ ಮಾತ್ರ ಆಗಿತ್ತು. ಯಾಕೆ ಹೊಂದುತ್ತೆ ಅಂತ ಗೊತ್ತಾಗಬೇಕಿತ್ತು. ಮುಂದಿನ ಎಂಟು ವಾರ ಅವರ ಬದುಕಿನ ಅತಿ ಕಷ್ಟದ ದುಡಿಮೆ. ಉಳಿದಿದ್ದು ಒಂದೇ ದಾರಿ, ಬೋಲ್ಟ್ಸ್‌ಮನ್ ಅವರದ್ದು. ಎರಡನೇ ನಿಯಮ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಕೋಟಿ ಕೋಟಿ ಅಣುಗಳ ಸಂಭವನೀಯತೆಯ ಲೆಕ್ಕ ಅಷ್ಟೇ ಅಂತ ಬೋಲ್ಟ್ಸ್‌ಮನ್ ಹೇಳುತ್ತಿದ್ದರು. ಪ್ಲಾಂಕ್ ಅದನ್ನು ವರ್ಷಗಟ್ಟಲೆ ವಿರೋಧಿಸಿದ್ದರು. ಅವರ ಸಹಾಯಕ ಝೆರ್ಮೆಲೊ 1896ರಲ್ಲಿ ಬೋಲ್ಟ್ಸ್‌ಮನ್ ಮೇಲೆ ಬಹಿರಂಗವಾಗೇ ವಾದಕ್ಕಿಳಿದಿದ್ದರು. ಈಗ ಪ್ಲಾಂಕ್ ಅದೇ ಬೋಲ್ಟ್ಸ್‌ಮನ್ ಲೆಕ್ಕವನ್ನು ತೆಗೆದು ತಮ್ಮ ಗೋಡೆಯ ಕಂಪಕಗಳಿಗೆ ಹಾಕಿದರು. ಹಾಗೆ ಎಣಿಸಬೇಕಾದರೆ ಶಕ್ತಿಯನ್ನು ತುಂಡು ಮಾಡಬೇಕು, ಒಂದೊಂದು ತುಂಡೂ ಆವರ್ತಾಂಕಕ್ಕೆ ತಕ್ಕ ಗಾತ್ರ ಇರಬೇಕು. ಆವರ್ತಾಂಕವನ್ನು ಒಂದು ಸಣ್ಣ ಸಂಖ್ಯೆಯಿಂದ ಗುಣಿಸಿದರೆ ತುಂಡಿನ ಅಳತೆ ಸಿಗುತ್ತೆ. ಆ ಸಂಖ್ಯೆಯೇ ಎಚ್. 1900ರ ಡಿಸೆಂಬರ್ 14ರಂದು ಇದನ್ನು ಸಭೆಯಲ್ಲಿ ಓದಿದರು. ಎಷ್ಟೋ ವರ್ಷದ ನಂತರ ಒಂದು ಕಾಗದದಲ್ಲಿ, ಅದು ಬೇರೆ ಗತಿಯಿಲ್ಲದೆ ಮಾಡಿದ ಕೆಲಸ ಅಂತ ಒಪ್ಪಿಕೊಂಡರು.

ತುಂಡು ಮಾಡಿದರೆ ಏನಾಗುತ್ತೆ ಅಂತ ನನಗೆ ಹೊಳೆದದ್ದು ನಮ್ಮೂರ ಸಂತೆ ನೆನಪಾಗಿ. ಎಲ್ಲರ ಕೈಯಲ್ಲೂ ಸುಮಾರು ಐವತ್ತು ರೂಪಾಯಿ ಇದೆ ಅಂದುಕೊಳ್ಳಿ. ಒಂದು ಅಂಗಡಿಯಲ್ಲಿ ಎಲ್ಲ ಒಂದೊಂದು ರೂಪಾಯಿ ಸಾಮಾನು, ಭರ್ಜರಿ ವ್ಯಾಪಾರ. ಇನ್ನೊಂದರಲ್ಲಿ ಯಾವುದೂ ಐನೂರಕ್ಕೆ ಕಡಿಮೆ ಇಲ್ಲ, ಚಿಲ್ಲರೆ ತಗೊಳ್ಳಲ್ಲ. ಅಲ್ಲಿ ನೊಣ ಹೊಡೆಯೋದೇ. ಕೆಂಪು ಬೆಳಕಿನ ತುಂಡು ಸಣ್ಣದು, ನೀಲಿಯದು ದೊಡ್ಡದು. ಗೋಡೆ ಸಾಧಾರಣ ಬಿಸಿಯಿದ್ದಾಗ ನೀಲಿಯ ತುಂಡು ಕೊಳ್ಳುವಷ್ಟು ಶಕ್ತಿ ಕಂಪಕಗಳ ಹತ್ತಿರ ಇರಲ್ಲ. ಅದಕ್ಕೇ ಕಾದ ಕಬ್ಬಿಣ ಮೊದಲು ಕೆಂಪಗಾಗುತ್ತೆ, ನೀಲಿಯಾಗಲ್ಲ.

ಆವತ್ತು ಸಭೆಯಲ್ಲಿದ್ದ ಯಾರಿಗೂ, ಪ್ಲಾಂಕ್‌ಗೂ ಸೇರಿ, ಭೂಕಂಪ ಆಯಿತು ಅನ್ನಿಸಲಿಲ್ಲ. ನಮ್ಮ ನೋಟ್ಸ್‌ಗಳಲ್ಲಿ ಅಲ್ಟ್ರಾವಯಲೆಟ್ ಕೆಟಾಸ್ಟ್ರೊಫಿಯಿಂದ ವಿಜ್ಞಾನವನ್ನು ಕಾಪಾಡಲು ಪ್ಲಾಂಕ್ ಕ್ವಾಂಟಮ್ ತಂದರು ಅಂತ ಇರುತ್ತಲ್ಲ, ಅದು ತಪ್ಪು. ಆ ಹೆಸರು ಹುಟ್ಟಿದ್ದೇ 1911ರಲ್ಲಿ. ಪ್ಲಾಂಕ್ ಹಿಗ್ಗಿದ್ದು ಬೇರೆ ವಿಷಯಕ್ಕೆ. ಆ ತೂತಿನ ಬೆಳಕಿನ ಅಳತೆಯಿಂದಲೇ ಅವರು ಎಲೆಕ್ಟ್ರಾನಿನ ವಿದ್ಯುದಂಶ ಲೆಕ್ಕ ಹಾಕಿದರು. ಇಂದಿನ ಬೆಲೆಗೆ ಹೋಲಿಸಿದರೆ ಸುಮಾರು ಶೇಕಡ 2ರಷ್ಟೇ ವ್ಯತ್ಯಾಸ. ಕಾದ ಪಿಂಗಾಣಿಯ ತೂತು ನೋಡಿ ಎಲೆಕ್ಟ್ರಾನ್ ಅಳೆಯುವುದು! ಬೋಲ್ಟ್ಸ್‌ಮನ್ ಸ್ಥಿರಾಂಕ ಅಂತ ನಾವು ಕರೆಯುವುದನ್ನೂ ಮೊದಲು ಬರೆದು ಬೆಲೆ ಕೊಟ್ಟವರು ಪ್ಲಾಂಕೇ.

ಮುಂದಿನ ಹತ್ತು ಹದಿನೈದು ವರ್ಷ ಅವರು ಆ ತುಂಡುಗಳನ್ನು ಹೇಗಾದರೂ ಹಳೆಯ ಭೌತವಿಜ್ಞಾನದೊಳಗೆ ಹೊಂದಿಸಲು ಒದ್ದಾಡಿದರು. 1905ರಲ್ಲಿ ಐನ್‌ಸ್ಟೈನ್ ಬಂದು ಗೋಡೆ ಮಾತ್ರ ಅಲ್ಲ, ಬೆಳಕೇ ತುಂಡು ತುಂಡು ಅಂದರು. ಅದೇ ವರ್ಷದ ಸಾಪೇಕ್ಷತೆಯನ್ನು ಎಲ್ಲರಿಗಿಂತ ಮೊದಲು ಬೆನ್ನು ತಟ್ಟಿ ಮೆಚ್ಚಿದ ಪ್ಲಾಂಕ್ ಇದನ್ನು ಮಾತ್ರ ಒಪ್ಪಲಿಲ್ಲ. 1913ರಲ್ಲಿ ಐನ್‌ಸ್ಟೈನ್‌ರನ್ನು ಬರ್ಲಿನ್‌ಗೆ ಕರೆಸುವ ಶಿಫಾರಸು ಪತ್ರದಲ್ಲಿ, ಬೆಳಕಿನ ತುಂಡಿನ ವಿಷಯದಲ್ಲಿ ಈ ಹುಡುಗ ಗುರಿ ತಪ್ಪಿರಬಹುದು, ಅದನ್ನು ದೊಡ್ಡದು ಮಾಡಬೇಡಿ ಅನ್ನುವ ಅರ್ಥದ ಮಾತಿದೆ.

ಆ ಗೋಡೆಯನ್ನು ಕೊನೆಗೆ ಕೆಡವಿದವರು ನಮ್ಮವರು. 1924ರಲ್ಲಿ ಢಾಕಾದ ಸತ್ಯೇಂದ್ರನಾಥ ಬೋಸ್ ಗೋಡೆಯ ಕಂಪಕಗಳ ಸುದ್ದಿಯೇ ಎತ್ತದೆ, ಒಳಗಿನ ಬೆಳಕಿನ ಕಣಗಳನ್ನು ಮಾತ್ರ ಹೊಸ ರೀತಿಯಲ್ಲಿ ಎಣಿಸಿ ಪ್ಲಾಂಕ್ ಸೂತ್ರ ಪಡೆದರು. ಐನ್‌ಸ್ಟೈನ್‌ಗೆ ಕಳಿಸಿದರು, ಅವರೇ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದರು. ಇಲ್ಲಿನ ಕ್ಲಾಸಿನಲ್ಲಿ ಪ್ರೊಫೆಸರ್ ಬೋಸ್ ಹೆಸರು ಹೇಳಿದಾಗ ನಾನೂ ಪಕ್ಕದಲ್ಲಿದ್ದ ಬಾಂಗ್ಲಾದೇಶದ ಹುಡುಗನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರಿಗೂ ಅವರು ನಮ್ಮವರೇ.

ಇನ್ನು ಮನೆಯ ಕಥೆ. ಗ್ರೂನೆವಾಲ್ಡ್‌ನ ಅವರ ಮನೆಯಲ್ಲಿ ನಾಲ್ಕು ಮಕ್ಕಳು. ಕಾರ್ಲ್, ಅವಳಿ ಹೆಣ್ಣುಮಕ್ಕಳು ಎಮ್ಮಾ ಮತ್ತು ಗ್ರೇಟೆ, ಆಮೇಲೆ ಎರ್ವಿನ್. ಸಂಜೆಗಳಲ್ಲಿ ಸಂಗೀತ. ಪ್ಲಾಂಕ್ ಪಿಯಾನೋ, ಎರ್ವಿನ್ ಚೆಲ್ಲೊ, ಎಷ್ಟೋ ಸಲ ಐನ್‌ಸ್ಟೈನ್ ಪಿಟೀಲು. ಹೆಣ್ಣುಮಕ್ಕಳು ವಿಶ್ವವಿದ್ಯಾಲಯಕ್ಕೆ ಬರುವುದರ ಬಗ್ಗೆ 1897ರಲ್ಲಿ ಹಳೆ ಕಾಲದ ಅಭಿಪ್ರಾಯ ಬರೆದಿದ್ದ ಪ್ಲಾಂಕ್, 1907ರಲ್ಲಿ ಬಂದ ಲೀಸ ಮೈಟ್ನರ್‌ಗೆ ತಮ್ಮ ಪಾಠಕ್ಕೆ ಜಾಗ ಕೊಟ್ಟರು, 1912ರಲ್ಲಿ ಸಹಾಯಕಿಯಾಗಿ ನೇಮಿಸಿಕೊಂಡರು. ಆ ಮನೆಯ ಸಂಜೆಗಳಿಗೆ ಆಕೆಯೂ ಬರುತ್ತಿದ್ದರು.

1909ರಲ್ಲಿ ಹೆಂಡತಿ ಮರೀ ತೀರಿಕೊಂಡರು. 1911ರಲ್ಲಿ ಮಾರ್ಗಾರನ್ನು ಮದುವೆಯಾದರು, ಹರ್ಮನ್ ಅನ್ನುವ ಮಗ ಹುಟ್ಟಿದ. 1914ರಲ್ಲಿ ಯುದ್ಧ ಬಂತು. ಜರ್ಮನ್ ಸೈನ್ಯವನ್ನು ಸಮರ್ಥಿಸಿದ 93 ಬುದ್ಧಿಜೀವಿಗಳ ಹೇಳಿಕೆಗೆ ಪ್ಲಾಂಕ್ ಸಹಿಯೂ ಇತ್ತು, ಆಮೇಲೆ ಅದರಿಂದ ಸ್ವಲ್ಪ ಹಿಂದೆ ಸರಿದರು. 1916ರಲ್ಲಿ ಕಾರ್ಲ್ ವೆರ್ದುನ್‌ನಲ್ಲಿ ಗಾಯಗೊಂಡು ಸತ್ತ. 1917ರಲ್ಲಿ ಗ್ರೇಟೆ ಬಾಣಂತಿಯಾಗಿ ಸತ್ತಳು. ತಂಗಿಯ ಮಗು ನೋಡಿಕೊಳ್ಳಲು ಹೋದ ಎಮ್ಮಾ ಆ ಭಾವನನ್ನೇ ಮದುವೆಯಾದಳು, 1919ರಲ್ಲಿ ಅವಳೂ ಹಾಗೇ ಬಾಣಂತಿಯಾಗಿ ಸತ್ತಳು. 1918ರ ನೊಬೆಲ್ ಪ್ರಶಸ್ತಿ ಅವರಿಗೆ ಘೋಷಣೆಯಾಗಿದ್ದು ಅದೇ 1919ರಲ್ಲಿ. ಮೊದಲ ಹೆಂಡತಿಯ ಮಕ್ಕಳಲ್ಲಿ ಉಳಿದದ್ದು ಎರ್ವಿನ್ ಒಬ್ಬನೇ. ಅಪ್ಪ ಮಗ ಗೆಳೆಯರ ಹಾಗೆ ಇದ್ದರು.

1933. ಹಿಟ್ಲರ್ ಬಂದಾಗ ಪ್ಲಾಂಕ್‌ಗೆ 75 ವರ್ಷ. ದೇಶದ ದೊಡ್ಡ ಸಂಶೋಧನಾ ಸಂಸ್ಥೆಗಳನ್ನೆಲ್ಲ ನಡೆಸುವ ಕೈಸರ್ ವಿಲ್ಹೆಲ್ಮ್ ಸೊಸೈಟಿಗೆ ಅಧ್ಯಕ್ಷರು. ಯೆಹೂದಿ ವಿಜ್ಞಾನಿಗಳನ್ನು ಕೆಲಸದಿಂದ ತೆಗೆಯುವ ಕಾನೂನು ಬಂತು. ಮೇ ತಿಂಗಳಲ್ಲಿ ಪ್ಲಾಂಕ್ ಹಿಟ್ಲರ್‌ನನ್ನು ಕಂಡು ಫ್ರಿಟ್ಸ್ ಹೇಬರ್ ಪರವಾಗಿ ಮಾತಾಡಿದರು. ಯೆಹೂದಿಗಳಲ್ಲಿ ದೇಶಕ್ಕೆ ಬೇಕಾದವರು, ಬೇಡದವರು ಇದ್ದಾರೆ, ಬೇಕಾದವರನ್ನು ಕಳಿಸಿದರೆ ನಮಗೇ ನಷ್ಟ ಅಂತ ವಾದಿಸಿದೆ ಎಂದು ಅವರೇ ಮುಂದೆ ಬರೆದಿದ್ದಾರೆ. ಹಿಟ್ಲರ್ ಕೂಗಾಡತೊಡಗಿದ, ಪ್ಲಾಂಕ್ ಸುಮ್ಮನೆ ಎದ್ದು ಬಂದರು.

ಈ ವಾದ ಓದಿದ ದಿನ ನನಗೆ ಪ್ಲಾಂಕ್ ಮೇಲೆ ಸಿಟ್ಟು ಬಂತು. ಮನುಷ್ಯರನ್ನು ಹಾಗೆ ಎರಡು ಗುಡ್ಡೆ ಮಾಡಿಯೇ ಮಾತು ಶುರು ಮಾಡಿದರೆ ಮುಂದೆ ಗೆಲ್ಲುವುದು ಏನುಳಿಯುತ್ತೆ? ಕೇಳುವವನ ಭಾಷೆಯಲ್ಲಿ ಕೇಳಿದರು, ಅಷ್ಟಾದರೂ ಕೇಳಿದವರು ಎಷ್ಟು ಜನ ಅಂತ ನನ್ನ ರೂಮ್‌ಮೇಟ್ ಅಂದ. ಇಬ್ಬರೂ ಆವತ್ತು ಅನ್ನಕ್ಕಿಟ್ಟ ಕುಕ್ಕರ್ ಮರೆತು ತಳ ಹಿಡಿಸಿದೆವು. ಐನ್‌ಸ್ಟೈನ್ ಅಕಾಡೆಮಿ ಬಿಟ್ಟಾಗಲೂ ಪ್ಲಾಂಕ್ ಹೀಗೇ ನಡುವೆ ನಿಂತರು. ಅವರ ವಿಜ್ಞಾನ ಕೆಪ್ಲರ್, ನ್ಯೂಟನ್ ಸಾಲಿನದು ಅಂತ ಸಭೆಯಲ್ಲಿ ದಾಖಲಿಸಿದರು, ಜೊತೆಗೆ ಅವರು ಉಳಿಯಲಾಗದಂತೆ ಮಾಡಿದ್ದು ಅವರದೇ ರಾಜಕೀಯ ನಡೆ ಅಂತಲೂ ಹೇಳಿದರು. ಹಾನ್‌ರಂಥ ಗೆಳೆಯರು ಒಟ್ಟಿಗೆ ಪ್ರತಿಭಟಿಸೋಣ ಅಂದಾಗ, ಇವತ್ತು ಮೂವತ್ತು ಜನ ನಿಂತರೆ ನಾಳೆ ಅವರ ಕುರ್ಚಿಗೆ ನೂರೈವತ್ತು ಜನ ಬರ್ತಾರೆ ಅನ್ನುವ ಲೆಕ್ಕ ಕೊಟ್ಟರು. ಬಿರುಗಾಳಿ ಹಾದುಹೋಗಲಿ, ಸಂಸ್ಥೆ ಉಳಿಸಿಕೊಳ್ಳೋಣ ಅನ್ನುವುದು ಅವರ ನಂಬಿಕೆ.

ಪಾಲ್ ಇವಾಲ್ಡ್ ಅನ್ನುವ ವಿಜ್ಞಾನಿ ನೆನೆಸಿಕೊಂಡ ಒಂದು ದೃಶ್ಯ ಇದೆ. ಸ್ಟುಟ್‌ಗಾರ್ಟ್‌ನಲ್ಲಿ ಒಂದು ಸಂಸ್ಥೆಯ ಉದ್ಘಾಟನೆ, ಅಧ್ಯಕ್ಷರಾದ ಪ್ಲಾಂಕ್ ಹಿಟ್ಲರ್ ಸೆಲ್ಯೂಟ್ ಮಾಡಿಯೇ ಶುರು ಮಾಡಬೇಕು. ಕೈ ಅರ್ಧಕ್ಕೆ ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು, ಇಳಿಸಿದರು. ಕೊನೆಗೆ ಎತ್ತಿ ಆ ಮಾತು ಹೇಳಿದರು.

ಹೇಬರ್ ದೇಶ ಬಿಟ್ಟು 1934ರಲ್ಲಿ ಬಾಸೆಲ್‌ನಲ್ಲಿ ಸತ್ತರು. ಒಂದು ವರ್ಷದ ನಂತರ, 1935ರ ಜನವರಿ 29ರಂದು, ಪ್ಲಾಂಕ್ ಅವರಿಗೆ ನೆನಪಿನ ಸಭೆ ಇಟ್ಟರು. ಸರ್ಕಾರಿ ನೌಕರರು ಹೋಗಕೂಡದು ಅಂತ ಸಚಿವಾಲಯ ಆಜ್ಞೆ ಹೊರಡಿಸಿತು. ವಿಶ್ವವಿದ್ಯಾಲಯದವರೆಲ್ಲ ಸರ್ಕಾರಿ ನೌಕರರೇ ಅಲ್ವಾ. ಆದರೂ ಡಾಲೆಮ್‌ನ ಹಾರ್ನಾಕ್ ಹೌಸ್ ತುಂಬಿತು. ಬರಲಾಗದ ಪ್ರೊಫೆಸರ್‌ಗಳ ಬದಲು ಅವರ ಹೆಂಡತಿಯರು ಬಂದು ಕೂತಿದ್ದರು. ಆವತ್ತು ಪ್ಲಾಂಕ್ ಕೈ ನಡುಗಲಿಲ್ಲ.

1944ರ ಫೆಬ್ರವರಿಯಲ್ಲಿ ಗ್ರೂನೆವಾಲ್ಡ್ ಮನೆಗೆ ಬಾಂಬ್ ಬಿತ್ತು. ಪುಸ್ತಕಗಳು, ಕಾಗದ ಪತ್ರ, ದಿನಚರಿ, ಎಲ್ಲ ಬೂದಿ. ಆಗ ಅವರು ಎಲ್ಬೆ ನದಿಯ ಹತ್ತಿರ ರೋಗೆಟ್ಸ್ ಅನ್ನುವ ಹಳ್ಳಿಯಲ್ಲಿ ಆಶ್ರಯ ಪಡೆದಿದ್ದರು. ಜುಲೈ 20ರಂದು ಹಿಟ್ಲರ್‌ನನ್ನು ಕೊಲ್ಲುವ ಪ್ರಯತ್ನ ವಿಫಲವಾಯಿತು, ಮೂರು ದಿನಕ್ಕೆ ಎರ್ವಿನ್ ಬಂಧನ. ಮರಣದಂಡನೆ ಆಯಿತು. 86 ವರ್ಷದ ಅಪ್ಪ ಹಿಟ್ಲರ್‌ಗೆ ಕಾಗದ ಬರೆದರು, ತಮ್ಮ ಜೀವಮಾನದ ದುಡಿಮೆಗೆ ದೇಶದ ಕೃತಜ್ಞತೆಯಾಗಿ ಮಗನ ಪ್ರಾಣ ಕೊಡಿ ಅಂತ. 1945ರ ಜನವರಿ 23ರಂದು ಪ್ಲೋಟ್ಸನ್‌ಜೇ ಜೈಲಿನಲ್ಲಿ ಎರ್ವಿನ್‌ನನ್ನು ಗಲ್ಲಿಗೇರಿಸಿದರು. ಲುಮ್ಮರ್ ಮತ್ತು ರೂಬೆನ್ಸ್ ಆ ತೂತನ್ನು ಅಳೆದ ಕಟ್ಟಡದಿಂದ ಆ ಜಾಗ ಕೆಲವೇ ಕಿಲೋಮೀಟರ್. ಈಗ ಅದು ಸ್ಮಾರಕ. ನಾನು ಸೈಕಲ್‌ನಲ್ಲಿ ಹೋಗಿಬಂದೆ. ಒಂದು ಬರಿಯ ಕೋಣೆ, ತೊಲೆಯೊಂದಕ್ಕೆ ಕೊಕ್ಕೆಗಳು. ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಯುದ್ಧದ ಕೊನೆ ದಿನಗಳಲ್ಲಿ ಬೆನ್ನುಮೂಳೆ ಬಾಗಿ ನೋವಿನಲ್ಲಿದ್ದ ಮುದುಕ ಹೆಂಡತಿಯ ಜೊತೆ ಕಾಡಿನಲ್ಲಿ ಅಡಗಿ, ಹುಲ್ಲಿನ ಮೇಲೆ ಮಲಗಿ ಕಳೆದರು. ಅಮೆರಿಕದ ಸೈನಿಕರು ಹುಡುಕಿಕೊಂಡು ಬಂದು ಗಾಟಿಂಗನ್‌ಗೆ ಸೇರಿಸಿದರು. 87ನೇ ವಯಸ್ಸಿಗೆ ಮತ್ತೆ ಸೊಸೈಟಿಯ ಅಧ್ಯಕ್ಷಗಿರಿ ಹೊತ್ತರು, ಹಾನ್ ಬಂದು ವಹಿಸಿಕೊಳ್ಳುವವರೆಗೆ. 1946ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ನ್ಯೂಟನ್ ಉತ್ಸವಕ್ಕೆ ಕರೆದ ಒಬ್ಬನೇ ಜರ್ಮನ್ ಅವರು. ಕೈಸರ್ ಹೆಸರು ಬೇಡವಾಗಿತ್ತು, ಸೊಸೈಟಿಗೆ ಪ್ಲಾಂಕ್ ಹೆಸರೇ ಇಟ್ಟರು. ಇವತ್ತು ನಮ್ಮ ಹುಡುಗರು ಪಿಎಚ್‌ಡಿಗೆ ಅರ್ಜಿ ಹಾಕುವ ಮ್ಯಾಕ್ಸ್ ಪ್ಲಾಂಕ್ ಇನ್‌ಸ್ಟಿಟ್ಯೂಟ್‌ಗಳು ಇವೇ. 1947ರ ಅಕ್ಟೋಬರ್ 4ರಂದು ಗಾಟಿಂಗನ್‌ನಲ್ಲಿ ತೀರಿಕೊಂಡರು.

ಹೋದ ಬೇಸಿಗೆಯಲ್ಲಿ ಸೆಮಿಸ್ಟರ್ ಟಿಕೆಟ್ ಇದೆಯಲ್ಲ ಅಂತ ರೀಜನಲ್ ರೈಲುಗಳನ್ನು ಬದಲಾಯಿಸುತ್ತಾ ಗಾಟಿಂಗನ್‌ಗೆ ಹೋದೆ. ಊರ ಸ್ಮಶಾನದಲ್ಲಿ ಹಾನ್, ಬಾರ್ನ್, ಹಿಲ್ಬರ್ಟ್ ಎಲ್ಲರೂ ಇದ್ದಾರೆ. ಪ್ಲಾಂಕ್ ಕಲ್ಲಿನ ಮೇಲೆ ಹೆಸರು ಬಿಟ್ಟರೆ ಹುಟ್ಟಿದ ವರ್ಷ ಇಲ್ಲ, ಸತ್ತ ವರ್ಷ ಇಲ್ಲ, ಬಿರುದಿಲ್ಲ. ಕೆಳಗೆ ತಳದಲ್ಲಿ ಎಚ್‌ನ ಬೆಲೆ ಕೆತ್ತಿದ್ದಾರೆ, 6.62 × 10⁻²⁷ ಅರ್ಗ್ ಸೆಕೆಂಡ್. 2019ರ ಮೇ 20ರಿಂದ ಇಡೀ ಜಗತ್ತಿನ ಕಿಲೋಗ್ರಾಮ್ ಇದೇ ಸಂಖ್ಯೆಯ ಮೇಲೆ ನಿಂತಿದೆ. 1900ರಲ್ಲಿ ಪ್ಲಾಂಕ್ ಕೊಟ್ಟಿದ್ದು 6.55. ಶಾರ್ಲೊಟ್ಟನ್‌ಬುರ್ಗ್‌ನ ಆ ಕಾದ ಉರುಳೆಗಳ ತೂತಿನಿಂದ ಬಂದ ಅಳತೆ, ಸುಮಾರು ಶೇಕಡ ಒಂದರಷ್ಟು ಕಡಿಮೆ. ನನ್ನ ಉರುಳೆಯಿಂದ ಲೆಕ್ಕ ಹಾಕಿ ನೋಡಿದೆ, ಶೇಕಡ ನಾಲ್ಕು ಹೆಚ್ಚು ಬರ್ತಿದೆ. ಬಾಯಿಯ ಹತ್ತಿರದ ಆ ಗೋಡೆಯನ್ನು ಇನ್ನೊಂದು ಸಲ ಬಿಚ್ಚಿ ನೋಡಬೇಕು.